ಅವರು ಗೋಡೆಯ ಕಡೆ ತಿರುಗಿ ಮಲಗಿದಾಗ

ಮುಟ್ಟಿನ ತೊಂದರೆ, ಬಿಳಿಸೆರಗು, ಹೆರಿಗೆ, ಗರ್ಭಕೋಶ ತೆಗೆಸಿದ್ದು, ಇವನ್ನೆಲ್ಲ ನಾವು ಹೆಂಗಸರು ಹಪ್ಪಳ ಒತ್ತುತ್ತಾ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರ ಹತ್ತಿರವೂ ಹೇಳಿಬಿಡುತ್ತೇವೆ. ಗಂಡನ ಮೂಲವ್ಯಾಧಿ, ಗಂಡನ ಕುಡಿತ, ಗಂಡನ ಕೋಪ, ಇವೂ ಮಾತಿಗೆ ಬರುತ್ತವೆ. ಒಂದು ವಿಷಯ ಮಾತ್ರ ಹೆತ್ತ ತಾಯಿಯ ಮುಂದೆಯೂ, ಒಡಹುಟ್ಟಿದ ಅಕ್ಕನ ಮುಂದೆಯೂ ಬಾಯಿಗೆ ಬರುವುದಿಲ್ಲ. ಅದೇ, ಹಾಸಿಗೆಯಲ್ಲಿ ಗಂಡನಿಗೆ ಆಗುವ ತೊಂದರೆ. ಮನಸ್ಸಿನಲ್ಲಿ ಆಸೆ ಇದ್ದರೂ ಅಂಗ ನಿಮಿರುವುದಿಲ್ಲ. ನಿಮಿರಿದರೂ ಕೂಡುವಷ್ಟು ಹೊತ್ತು ನಿಲ್ಲುವುದಿಲ್ಲ. ಒಂದು ದಿನದ ಮಾತಲ್ಲ, ತಿಂಗಳುಗಟ್ಟಲೆ ಹೀಗೇ ನಡೆಯುತ್ತದೆ. ಗಂಡ ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ಹೆಂಡತಿ ಸೂರು ನೋಡುತ್ತಾ ಮಲಗುತ್ತಾಳೆ. ಬೆಳಿಗ್ಗೆ ಎದ್ದು ಇಬ್ಬರೂ ಏನೂ ಆಗಿಲ್ಲವೆನ್ನುವಂತೆ ಕಾಫಿ ಕುಡಿಯುತ್ತಾರೆ.

ಹೆಂಗಸರ ಪತ್ರಿಕೆಯಲ್ಲಿ ಇಂಥ ವಿಷಯವೆ ಎಂದು ಕೆಲವು ಸೋದರಿಯರು ಹುಬ್ಬೇರಿಸಬಹುದು. ಆದರೆ ಜ್ವರ ಬಂದರೇ ಡಾಕ್ಟರ ಹತ್ತಿರ ಹೋಗದ ನಮ್ಮ ಗಂಡಸರು ಇದಕ್ಕೆ ತಾವಾಗಿ ಹೋಗುತ್ತಾರೆಯೆ? ಈ ತೊಂದರೆ ಗೊತ್ತಿರುವುದು ಇಡೀ ಪ್ರಪಂಚದಲ್ಲಿ ಇಬ್ಬರಿಗೇ. ಅವರು ಬಾಯಿ ಬಿಡುವುದಿಲ್ಲ. ಇನ್ನು ಉಳಿದವರು ನೀವು. ಅಲ್ಲದೆ ಇದು ಹಾಸಿಗೆಗೆ ಮಾತ್ರ ಸೇರಿದ ಸಂಗತಿಯೂ ಅಲ್ಲ. ಎಷ್ಟೋ ಗಂಡಸರಲ್ಲಿ ಇದು ಸಕ್ಕರೆ ಕಾಯಿಲೆಯ, ರಕ್ತದೊತ್ತಡದ, ಹೃದಯದ ರಕ್ತನಾಳ ಕಟ್ಟಿಕೊಳ್ಳುವುದರ ಮೊದಲ ಗುರುತು. ಎದೆನೋವು ಕಾಣಿಸಿಕೊಳ್ಳುವುದಕ್ಕೆ ಎರಡು ಮೂರು ವರ್ಷ ಮುಂಚೆಯೇ ದೇಹ ಕೊಡುವ ಸೂಚನೆ. ಆ ಸೂಚನೆಯನ್ನು ನಾಚಿಕೆಯ ಕೆಳಗೆ ಮುಚ್ಚಿಟ್ಟರೆ ಕಳೆದುಕೊಳ್ಳುವುದು ಒಂದು ರಾತ್ರಿಯ ಸುಖವನ್ನಷ್ಟೇ ಅಲ್ಲ.

ಹೆಸರಿನಲ್ಲೇ ಇರುವ ಮುಳ್ಳು

ನಮ್ಮಲ್ಲಿ ಇದಕ್ಕೆ ಇರುವ ಮಾತುಗಳನ್ನು ನೋಡಿ: ನಪುಂಸಕತನ, ಷಂಡತನ, 'ಅವನು ಗಂಡಸೇ ಅಲ್ಲ'. ಕಣ್ಣಿಗೆ ಪೊರೆ ಬಂದರೆ ಯಾರೂ ಹೀಗೆ ಹೀಯಾಳಿಸುವುದಿಲ್ಲ. ಇಂಗ್ಲಿಷಿನಲ್ಲೂ 'ಇಂಪೊಟೆನ್ಸ್' ಎಂಬ ಹಳೆಯ ಪದವಿತ್ತು, 'ಶಕ್ತಿಹೀನತೆ' ಎಂದು ಅದರ ಅರ್ಥ. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆಯು ಆ ಪದ ರೋಗಿಯನ್ನು ಕುಗ್ಗಿಸುತ್ತದೆಯೇ ಹೊರತು ರೋಗವನ್ನು ವಿವರಿಸುವುದಿಲ್ಲ ಎಂದು ಬೇರೆ ಹೆಸರನ್ನು ಸೂಚಿಸಿತು. ಡಾಕ್ಟರ ಚೀಟಿಯಲ್ಲಿ 'ಇ.ಡಿ.' ಎಂದು ಕಂಡರೆ ಅದು 'ಎರೆಕ್ಟೈಲ್ ಡಿಸ್‌ಫಂಕ್ಷನ್', ಅಂದರೆ ನಿಮಿರುವಿಕೆಯ ತೊಂದರೆ, ಅಷ್ಟೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ನಿಮಿರುವಿಕೆಯ ತೊಂದರೆಯೇ ಬೇರೆ, ಮಕ್ಕಳಾಗದಿರುವುದೇ ಬೇರೆ. ಅಂಗ ಚೆನ್ನಾಗಿಯೇ ನಿಮಿರುವ ಗಂಡಸಿನ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದಿರಬಹುದು. ನಿಮಿರುವಿಕೆಯ ತೊಂದರೆ ಇರುವವನ ವೀರ್ಯಾಣುಗಳು ಸರಿಯಾಗಿಯೇ ಇರಬಹುದು. ಮದುವೆಯಾಗಿ ಎರಡು ವರ್ಷಕ್ಕೆ ಸೊಸೆಯನ್ನು ಹರಕೆಗೆ, ಕಷಾಯಕ್ಕೆ, ಸ್ಕ್ಯಾನಿಂಗಿಗೆ ಅಲೆಸುವ ಅತ್ತೆಯರಿಗೆ ಆ ಕೋಣೆಯೊಳಗೆ ಸಂಸಾರವೇ ಸರಿಯಾಗಿ ನಡೆದಿಲ್ಲ ಎಂಬುದು ಗೊತ್ತಿರುವುದಿಲ್ಲ. ಸೊಸೆ ಹೇಳುವಂತಿಲ್ಲ, ಮಗ ಹೇಳುವುದಿಲ್ಲ.

ತೆಳುವಾದ ಪೈಪು ಮೊದಲು ಕಟ್ಟುತ್ತದೆ

ಶಿಶ್ನದಲ್ಲಿ ಮೂಳೆ ಇಲ್ಲ. ಉದ್ದಕ್ಕೂ ಸ್ಪಂಜಿನಂಥ ಎರಡು ಕೊಳವೆಗಳಿವೆ. ಮನಸ್ಸಿನಲ್ಲಿ ಆಸೆ ಹುಟ್ಟಿದಾಗ ಅಥವಾ ಸ್ಪರ್ಶವಾದಾಗ ಮಿದುಳಿನಿಂದ, ಬೆನ್ನುಹುರಿಯಿಂದ ನರಗಳ ಮೂಲಕ ಅಲ್ಲಿಗೆ ಸುದ್ದಿ ಹೋಗುತ್ತದೆ. ನರದ ತುದಿಯಲ್ಲಿಯೂ ರಕ್ತನಾಳದ ಒಳಪದರದಲ್ಲಿಯೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದರಿಂದ ನಾಳಗಳು ಸಡಿಲಗೊಂಡು ಅಗಲವಾಗುತ್ತವೆ, ರಕ್ತ ನುಗ್ಗಿ ಬರುತ್ತದೆ, ಸ್ಪಂಜು ತುಂಬಿ ಉಬ್ಬುತ್ತದೆ. ಉಬ್ಬಿದ ಸ್ಪಂಜು ರಕ್ತ ವಾಪಸ್ಸು ಹೋಗುವ ದಾರಿಯನ್ನು ಒತ್ತಿ ಹಿಡಿಯುತ್ತದೆ. ಹೀಗಾಗಿ ಅಂಗ ಗಟ್ಟಿಯಾಗಿ ನಿಲ್ಲುತ್ತದೆ. ರಕ್ತನಾಳಗಳಲ್ಲಿ ಈ ಅನಿಲ ಸುದ್ದಿ ಒಯ್ಯುವ ಕೆಲಸ ಮಾಡುತ್ತದೆಂದು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಹುಮಾನ ಬಂತು.

ಅಂದರೆ ಮನಸ್ಸು, ನರ, ರಕ್ತನಾಳ, ಹಾರ್ಮೋನು ನಾಲ್ಕೂ ಸರಿಯಾಗಿದ್ದರೆ ಮಾತ್ರ ಈ ಕೆಲಸ ನಡೆಯುತ್ತದೆ. ನಲವತ್ತು ದಾಟಿದ ಗಂಡಸರಲ್ಲಿ ಹೆಚ್ಚಾಗಿ ಕೈಕೊಡುವುದು ರಕ್ತನಾಳ.

ಕೊಳವೆಬಾವಿಯ ಗಡಸು ನೀರು ಬರುವ ಊರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. ಪೈಪಿನ ಒಳಗೆ ಬಿಳಿ ಉಪ್ಪು ಕಟ್ಟುತ್ತಾ ಹೋಗುತ್ತದೆ. ತೊಟ್ಟಿಯಿಂದ ಇಳಿಯುವ ದಪ್ಪ ಪೈಪಿನಲ್ಲಿ ನೀರು ಬರುತ್ತಲೇ ಇರುತ್ತದೆ. ಬಚ್ಚಲಿನ ಸಣ್ಣ ನಲ್ಲಿಯಲ್ಲಿ ಮಾತ್ರ ಮೊದಲು ಧಾರೆ ಸಣ್ಣಗಾಗುತ್ತದೆ. ಆಗ ಜಾಣ ಗೃಹಿಣಿ ನಲ್ಲಿಯನ್ನು ಬೈಯುವುದಿಲ್ಲ, ಪೈಪಿಗೆಲ್ಲ ಉಪ್ಪು ಕಟ್ಟಿದೆ ಎಂದು ಅರ್ಥಮಾಡಿಕೊಳ್ಳುತ್ತಾಳೆ. ದೇಹದಲ್ಲಿಯೂ ಹೀಗೆಯೇ. ಶಿಶ್ನಕ್ಕೆ ಹೋಗುವ ರಕ್ತನಾಳಗಳ ಅಗಲ ಒಂದರಿಂದ ಎರಡು ಮಿಲಿಮೀಟರು. ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳಗಳು ಮೂರರಿಂದ ನಾಲ್ಕು ಮಿಲಿಮೀಟರು. ಕೊಬ್ಬು, ಸಕ್ಕರೆ, ಹೊಗೆಸೊಪ್ಪು ಸೇರಿ ಮೈಯ ನಾಳಗಳನ್ನೆಲ್ಲ ಕೆಡಿಸುತ್ತಿರುವಾಗ ಮೊದಲು ಸೊರಗುವುದು ತೆಳುವಾದದ್ದೇ. ಹೃದಯದ ಸರದಿ ಆಮೇಲೆ. ಅದಕ್ಕೇ ಈಗಿನ ಹೃದ್ರೋಗ ತಜ್ಞರು, ಎದೆನೋವೇ ಇಲ್ಲದ ನಡುವಯಸ್ಸಿನ ಗಂಡಸು ಈ ತೊಂದರೆ ಹೇಳಿಕೊಂಡು ಬಂದರೂ ಹೃದಯವನ್ನು ಒಮ್ಮೆ ನೋಡಬೇಕು ಎನ್ನುತ್ತಾರೆ.

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ತಾಲ್ಲೂಕು ಕೇಂದ್ರದಲ್ಲಿ ದಿನಸಿ ಅಂಗಡಿ. ಯಜಮಾನರಿಗೆ ನಲವತ್ತಾರು. ಇಡೀ ದಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುವುದು, ನಾಲ್ಕು ಸಲ ಸಕ್ಕರೆ ಹಾಕಿದ ಟೀ, ಅಂಗಡಿ ಮುಚ್ಚಿದ ಮೇಲೆ ಗೆಳೆಯರ ಜೊತೆ ಸಿಗರೇಟು. ಒಂದು ವರ್ಷದಿಂದ ಹೆಂಡತಿಯನ್ನು ಮುಟ್ಟಿಲ್ಲ. ಇವಳ ತಲೆಯಲ್ಲಿ ನೂರು ಯೋಚನೆ: ನಾನು ದಪ್ಪಗಾಗಿದ್ದೀನಿ, ಅದಕ್ಕೇ ಬೇಡವಾಗಿದ್ದೀನಿ. ಅಂಗಡಿಯ ಪಕ್ಕದ ಬ್ಯೂಟಿಪಾರ್ಲರಿನವಳ ಜೊತೆ ನಗುತ್ತಾ ಮಾತಾಡ್ತಾರೆ, ಅದೇ ಇರಬೇಕು. ಆದರೆ ಅವರು ರಾತ್ರಿ ಮೂರು ಸಲ ಎದ್ದು ಬಚ್ಚಲಿಗೆ ಹೋಗುವುದು, ಕೊಡಗಟ್ಟಲೆ ನೀರು ಕುಡಿಯುವುದು, ಕಾಲು ಉರಿ ಎನ್ನುವುದು, ಗಾಯವಾದರೆ ಬೇಗ ಮಾಯದಿರುವುದು, ಇವೆಲ್ಲ ಅವಳ ಕಣ್ಣಿಗೆ ಬಿದ್ದಿವೆ, ಆದರೆ ಒಂದಕ್ಕೊಂದು ಸೇರಿಸಿ ನೋಡಿಲ್ಲ. ಸೇರಿಸಿ ನೋಡಿದರೆ ಬ್ಯೂಟಿಪಾರ್ಲರು ಎಲ್ಲೂ ಬರುವುದಿಲ್ಲ. ಬರುವುದು ಸಕ್ಕರೆ ಕಾಯಿಲೆ.

ಸಕ್ಕರೆ ಕಾಯಿಲೆ ನರವನ್ನೂ ಕೆಡಿಸುತ್ತದೆ, ರಕ್ತನಾಳವನ್ನೂ ಕೆಡಿಸುತ್ತದೆ. ಆದ್ದರಿಂದ ಆ ಕಾಯಿಲೆ ಇದ್ದವರಿಗೆ ಈ ತೊಂದರೆ ಉಳಿದವರಿಗಿಂತ ಹತ್ತು ಹದಿನೈದು ವರ್ಷ ಮುಂಚೆಯೇ ಬರಬಹುದು. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಎಷ್ಟೋ ಜನಕ್ಕೆ ತಮಗೆ ಆ ಕಾಯಿಲೆ ಇರುವುದೇ ತಿಳಿದಿರುವುದಿಲ್ಲ.

ಉಳಿದ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ರಕ್ತದೊತ್ತಡ, ಕೊಲೆಸ್ಟರಾಲು, ಬೊಜ್ಜು, ಬೀಡಿ ಸಿಗರೇಟು, ದಿನವೂ ಕುಡಿಯುವುದು. ಮೂತ್ರಪಿಂಡದ ಕಾಯಿಲೆ, ಥೈರಾಯಿಡು, ಗಂಡಸಿನ ಹಾರ್ಮೋನು ತೀರಾ ಕಡಿಮೆಯಾಗುವುದು. ಬೆನ್ನುಹುರಿಗೆ ಪೆಟ್ಟು, ಪಾರ್ಶ್ವವಾಯು, ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್. ಕೆಲವು ಮಾತ್ರೆಗಳಿಂದಲೂ ಆಗುತ್ತದೆ: ರಕ್ತದೊತ್ತಡದ ಕೆಲವು ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ. ಹಾಗಂತ ಓದಿದ ಕೂಡಲೇ ಮಾತ್ರೆ ನಿಲ್ಲಿಸಿಬಿಡಬಾರದು. ಬಿ.ಪಿ. ಮಾತ್ರೆ ಏಕಾಏಕಿ ಬಿಟ್ಟು ಲಕ್ವ ಹೊಡೆಸಿಕೊಂಡವರು ಇದ್ದಾರೆ. ಡಾಕ್ಟರಿಗೆ ಹೇಳಿದರೆ ಬದಲಿ ಮಾತ್ರೆ ಬರೆದುಕೊಡುತ್ತಾರೆ, ಬದಲಿ ಬೇಕಾದಷ್ಟಿದೆ.

"ವಯಸ್ಸಾಯ್ತಲ್ಲ, ಇನ್ನೇನು" ಎನ್ನುವವರೂ ಉಂಟು. ವಯಸ್ಸಿನೊಂದಿಗೆ ತೊಂದರೆ ಹೆಚ್ಚುವುದು ನಿಜ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಹೆಸರಾಂತ ಸಮೀಕ್ಷೆಯಲ್ಲಿ 40ರಿಂದ 70 ವಯಸ್ಸಿನ ಗಂಡಸರಲ್ಲಿ ನೂರಕ್ಕೆ 52 ಮಂದಿಗೆ ಅಲ್ಪಸ್ವಲ್ಪವಾದರೂ ಈ ತೊಂದರೆ ಇತ್ತು. ಇಷ್ಟು ಸಾಮಾನ್ಯವಾದ ತೊಂದರೆಯನ್ನು ನಿಮ್ಮ ಮನೆಯಲ್ಲಿ ಮಾತ್ರ ನಡೆದ ಅವಮಾನವೆಂದು ಭಾವಿಸಬೇಕಾಗಿಲ್ಲ. ಹಾಗೆಯೇ, ಸಾಮಾನ್ಯವೆಂದು ಸುಮ್ಮನೆ ಬಿಡುವಂಥದೂ ಅಲ್ಲ. ಕನ್ನಡಕ ವಯಸ್ಸಾದ ಮೇಲೆಯೇ ಬರುವುದು, ಆದರೂ ಕಣ್ಣು ತೋರಿಸುತ್ತೇವಲ್ಲವೆ?

ಮನಸ್ಸಿನ ಪಾಲು

ಹೊಸದಾಗಿ ಮದುವೆಯಾದವರ ಕತೆಯೇ ಬೇರೆ. ಇಪ್ಪತ್ತೇಳರ ಹುಡುಗನಿಗೆ ರಕ್ತನಾಳ ಕಟ್ಟಿರುವುದು ಅಪರೂಪ. ಅಲ್ಲಿ ಕಾಟ ಕೊಡುವುದು ಭಯ. ಮದುವೆಯ ನಾಲ್ಕು ದಿನದ ಆಯಾಸ, ಕೋಣೆಯ ಹೊರಗೆ ಚಾಪೆ ಹಾಸಿ ಮಲಗಿದ ನೆಂಟರು, ಮಂಚದ ಕಿರಗುಟ್ಟುವ ಸದ್ದು, ಗೆಳೆಯರು ಮೊಬೈಲಿನಲ್ಲಿ ತೋರಿಸಿದ ಸುಳ್ಳು ಚಿತ್ರಗಳು. ಇವುಗಳ ನಡುವೆ ಪರೀಕ್ಷೆಗೆ ಕೂತವನಂತೆ ಹೋಗುತ್ತಾನೆ. ಒಂದು ದಿನ ಆಗುವುದಿಲ್ಲ. ಮಾರನೇ ದಿನ 'ಇವತ್ತೂ ಆಗದಿದ್ದರೆ?' ಎಂಬ ಹೆದರಿಕೆಯಿಂದಲೇ ಆಗುವುದಿಲ್ಲ. ಹೆದರಿಕೆಯಾದಾಗ ಮೈಯಲ್ಲಿ ಹುಟ್ಟುವ ರಸಾಯನ ರಕ್ತನಾಳವನ್ನು ಬಿಗಿಗೊಳಿಸುತ್ತದೆ, ಆಗಬೇಕಾದ್ದಕ್ಕೆ ನೇರ ವಿರುದ್ಧ. ನಗುವವಳು, ಹಂಗಿಸುವವಳು ಹೆಂಡತಿಯಾದರಂತೂ ಕೇಳುವುದೇ ಬೇಡ. ಅವಳೂ ಪಾಪ, ಏನೂ ತಿಳಿಯದೆ ಬಂದ ಹುಡುಗಿ. ತನ್ನನ್ನು ಒಲ್ಲದೆ ಮದುವೆಯಾಗಿದ್ದಾನೆ ಎಂದುಕೊಂಡು ತವರಿಗೆ ಫೋನು ಮಾಡಿ ಸುಮ್ಮನೆ ಅಳುತ್ತಾಳೆ.

ಇದರ ಜೊತೆಗೆ ನಮ್ಮ ದೇಶದ್ದೇ ಆದ ಒಂದು ಭಯ ಸೇರಿಕೊಳ್ಳುತ್ತದೆ. ಅದು 'ಧಾತು ನಷ್ಟ'. ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆ, ಚಿಕ್ಕಂದಿನಲ್ಲಿ ಅದನ್ನು ಪೋಲು ಮಾಡಿದ್ದರಿಂದ ಗಂಡಸುತನ ಹೋಯಿತು ಎಂದು ಎಷ್ಟೋ ಹುಡುಗರು ಕೊರಗುತ್ತಾರೆ. ಮನೋವೈದ್ಯ ಡಾ. ಎನ್. ಎನ್. ವಿಗ್ ಅವರು 1960ರಲ್ಲೇ ಈ ಕೊರಗಿಗೆ 'ಧಾತ್ ಸಿಂಡ್ರೋಮ್' ಎಂಬ ಹೆಸರು ಕೊಟ್ಟರು. ರಕ್ತಕ್ಕೂ ವೀರ್ಯಕ್ಕೂ ಅಂಥ ಲೆಕ್ಕವಿಲ್ಲ. ನಿದ್ದೆಯಲ್ಲಿ ಸ್ಖಲನವಾಗುವುದರಿಂದಾಗಲಿ ಹಸ್ತಮೈಥುನದಿಂದಾಗಲಿ ನರ ಸೊರಗುವುದಿಲ್ಲ.

ಮನಸ್ಸಿನದೋ ದೇಹದ್ದೋ ಎಂದು ಊಹಿಸಲು ಡಾಕ್ಟರು ಕೇಳುವ ಒಂದು ಪ್ರಶ್ನೆ ಇದೆ: ಬೆಳಗಿನ ಜಾವ ಎಚ್ಚರವಾದಾಗ ಅಂಗ ನಿಮಿರಿರುತ್ತದೆಯೆ? ಆರೋಗ್ಯವಂತ ಗಂಡಸರಿಗೆ ನಿದ್ದೆಯಲ್ಲಿ ಕೆಲವು ಸಲ ತಾನಾಗಿಯೇ ಹೀಗಾಗುತ್ತದೆ. ಅದು ಇದ್ದು, ಹೆಂಡತಿಯ ಹತ್ತಿರ ಮಾತ್ರ ಆಗದಿದ್ದರೆ, ಅದೂ ಇದ್ದಕ್ಕಿದ್ದಂತೆ ಶುರುವಾಗಿದ್ದರೆ, ಮನಸ್ಸಿನ ಪಾಲು ಹೆಚ್ಚು. ಬೆಳಗಿನದೂ ನಿಂತುಹೋಗಿ, ತೊಂದರೆ ವರ್ಷ ಎರಡು ವರ್ಷದಿಂದ ನಿಧಾನವಾಗಿ ಬೆಳೆದಿದ್ದರೆ ದೇಹದ ಕಡೆ ನೋಡಬೇಕು. ಆದರೆ ಇದು ಊಹೆ ಮಾತ್ರ. ದೇಹದಲ್ಲಿ ಶುರುವಾದದ್ದಕ್ಕೆ ಮನಸ್ಸಿನ ಭಯ ಬಂದು ಸೇರಿಕೊಂಡು ಎರಡೂ ಹೆಣೆದುಕೊಂಡಿರುವುದೇ ಹೆಚ್ಚು.

ಮನಸ್ಸಿನ ತೊಂದರೆಗೆ ಮದ್ದು ಇಲ್ಲವೆ? ಇದೆ. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬಿಬ್ಬರು 1970ರಲ್ಲಿ ಹೇಳಿಕೊಟ್ಟ ಕ್ರಮವನ್ನು ಇಂದಿಗೂ ಸಲಹೆಗಾರರು ಬಳಸುತ್ತಾರೆ. ಕೆಲವು ವಾರ ಕೂಡುವುದೇ ಬೇಡ ಎಂದು ಇಬ್ಬರೂ ಒಪ್ಪಿಕೊಳ್ಳಬೇಕು. ಕೈ ಹಿಡಿಯುವುದು, ಬೆನ್ನು ಸವರುವುದು, ಪಕ್ಕದಲ್ಲಿ ಮಲಗಿ ಮಾತಾಡುವುದು, ಇಷ್ಟೇ. ಪರೀಕ್ಷೆಯೇ ಇಲ್ಲ ಎಂದಮೇಲೆ ಫೇಲಾಗುವ ಭಯವೆಲ್ಲಿ? ಭಯ ಕರಗಿದ ಮೇಲೆ ಹಂತಹಂತವಾಗಿ ಮುಂದುವರಿಯುವುದು. ಒಂದೇ ಕೋಣೆಯಲ್ಲಿ ಅಜ್ಜಿ, ಮಕ್ಕಳ ಜೊತೆ ಮಲಗುವ ಮನೆಗಳಲ್ಲಿ ಇದನ್ನೆಲ್ಲ ಮಾಡುವುದು ಎಲ್ಲಿ ಎಂದು ನೀವು ಕೇಳುತ್ತೀರಿ, ನ್ಯಾಯವಾದ ಪ್ರಶ್ನೆ. ಒಂದು ಚಿಲಕ, ಒಂದು ಪರದೆ, ಮಕ್ಕಳನ್ನು ವಾರಕ್ಕೊಮ್ಮೆ ಚಿಕ್ಕಮ್ಮನ ಮನೆಗೆ ಕಳಿಸುವುದು, ಇಂಥ ಸಣ್ಣ ಏರ್ಪಾಡುಗಳಿಂದ ಎಷ್ಟೋ ದಂಪತಿಗಳಿಗೆ ಉಪಕಾರವಾಗುತ್ತದೆ. ಮನಸ್ಸಿನ ತೊಂದರೆಗೆ ಫೋನಿನಲ್ಲಿ ಕನ್ನಡದಲ್ಲೇ ಮಾತಾಡಬೇಕೆನಿಸಿದರೆ ಸರ್ಕಾರದ 'ಟೆಲಿ ಮಾನಸ್' ಇದೆ, ಸಂಖ್ಯೆ 14416, ದುಡ್ಡು ಕೊಡಬೇಕಿಲ್ಲ.

ಹೆಂಡತಿಯ ಸರದಿ

ಇದು ನಿಮ್ಮ ತಪ್ಪಲ್ಲ. ನಿಮ್ಮ ಸೊಂಟದ ಸುತ್ತಳತೆಗೂ, ತಲೆಯ ಬಿಳಿ ಕೂದಲಿಗೂ, ಹೆರಿಗೆಯ ಗೆರೆಗಳಿಗೂ ಅವರ ರಕ್ತನಾಳಕ್ಕೂ ಸಂಬಂಧವಿಲ್ಲ. ಅವರು ದೂರ ಸರಿಯುವುದು ಪ್ರೀತಿ ಬತ್ತಿದ್ದಕ್ಕೇ ಎಂದು ತಿಳಿಯಬೇಡಿ. ಹತ್ತಿರ ಬಂದರೆ ಸೋತುಬಿಡುತ್ತೇನೆ ಎಂಬ ಅಂಜಿಕೆಯಿಂದ ದೂರ ಸರಿಯುವವರೇ ಹೆಚ್ಚು. ತಡವಾಗಿ ಮನೆಗೆ ಬರುವುದು, ಟಿ.ವಿ. ಮುಂದೆಯೇ ನಿದ್ದೆ ಹೋಗುವುದು, ಸಣ್ಣದಕ್ಕೆಲ್ಲ ರೇಗುವುದು, ಇವುಗಳ ಹಿಂದೆ ಈ ಅಂಜಿಕೆ ಅಡಗಿರಬಹುದು.

ಕೆಲವರಿಗೆ ಮನಸ್ಸಿನೊಳಗೆ 'ಸದ್ಯ, ಒಂದು ಕಾಟ ತಪ್ಪಿತು' ಅನ್ನಿಸಿರುವುದೂ ಉಂಟು. ಇಡೀ ದಿನ ದುಡಿದು ಸುಸ್ತಾದವಳಿಗೆ, ಮುಟ್ಟು ನಿಂತ ಮೇಲೆ ಒಣಗಿ ನೋವಾಗುವವಳಿಗೆ ಹಾಗನ್ನಿಸಿದರೆ ಅದರಲ್ಲಿ ಪಾಪವೇನೂ ಇಲ್ಲ. (ಆ ನೋವಿಗೂ ಚಿಕಿತ್ಸೆ ಇದೆ; ಹೆಂಗಸರ ಡಾಕ್ಟರಿಗೆ ಹೇಳಿ.) ನಿಮಗೆ ಅದು ಬೇಕೋ ಬೇಡವೋ ಎಂಬುದು ನಿಮ್ಮಿಬ್ಬರಿಗೆ ಬಿಟ್ಟದ್ದು. ಆದರೆ ಅವರ ಸಕ್ಕರೆಯನ್ನೂ ಬಿ.ಪಿ.ಯನ್ನೂ ನೋಡಿಸುವುದು ಬೇಡವೆನ್ನುವಂತಿಲ್ಲವಲ್ಲ!

ಲಾಡ್ಜಿಗೆ ಬರುವ ಡಾಕ್ಟರು

ಬಸ್ ನಿಲ್ದಾಣದ ಮೂತ್ರಾಲಯದ ಗೋಡೆ ನೋಡಿದ್ದೀರಿ. 'ಗುಪ್ತರೋಗ, ನರದೌರ್ಬಲ್ಯ, ಒಂದೇ ವಾರದಲ್ಲಿ ಗುಣ', ಕೆಳಗೆ ಒಂದು ಲಾಡ್ಜಿನ ಹೆಸರು, ತಿಂಗಳಿಗೊಂದು ತಾರೀಕು. ನಮ್ಮ ಗಂಡಸರು ಗುರುತಿನ ಡಾಕ್ಟರಿಗೆ ಮುಖ ತೋರಿಸಲು ನಾಚಿ, ಗುರುತಿಲ್ಲದ ಈ ಮಹಾನುಭಾವರಿಗೆ ಸಾವಿರಗಟ್ಟಲೆ ಸುರಿದು ಬರುತ್ತಾರೆ. ಲೇಹ್ಯ, ಭಸ್ಮ, ಎಣ್ಣೆ. ಕೆಲವದರಿಂದ ಏನೂ ಆಗುವುದಿಲ್ಲ. ಕೆಲವು ನಿಜವಾಗಿಯೂ 'ಕೆಲಸ' ಮಾಡುತ್ತವೆ, ಏಕೆಂದರೆ ಗಿಡಮೂಲಿಕೆ ಎಂಬ ಹೆಸರಿನಲ್ಲಿ ಅಲೋಪಥಿ ಮಾತ್ರೆಯ ಪುಡಿಯನ್ನೇ ಬೆರೆಸಿರುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಇಂಥ ಬೆರಕೆಯನ್ನು ಮತ್ತೆ ಮತ್ತೆ ಹಿಡಿದಿದೆ. ಹೃದಯದ ಮಾತ್ರೆ ನುಂಗುವವರು ಅದನ್ನು ತಿಳಿಯದೆ ತಿಂದರೆ ಪ್ರಾಣಕ್ಕೇ ಕುತ್ತು. ಗಂಡಸುತನ ಹೆಚ್ಚಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದೇ ನಮ್ಮ ದೇಶದಲ್ಲಿ 1954ರ ಕಾನೂನಿನ ಪ್ರಕಾರ ಅಪರಾಧ. ಗೋಡೆಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಯಾವಾಗ, ಯಾರ ಹತ್ತಿರ?

ಒಂದೆರಡು ಸಲ ಆಗದಿದ್ದರೆ ಅದು ಕಾಯಿಲೆಯಲ್ಲ. ಆಯಾಸ, ಜ್ವರ, ಸಾಲದ ಚಿಂತೆ, ಮನೆಯಲ್ಲಿ ಸಾವು, ಒಂದು ಗುಟುಕು ಹೆಚ್ಚಾದದ್ದು, ಇವುಗಳಿಂದ ಯಾರಿಗಾದರೂ ಹಾಗಾಗುತ್ತದೆ. ವಾರಗಟ್ಟಲೆ ಪದೇ ಪದೇ ಆಗುತ್ತಿದ್ದರೆ ಮಾತ್ರ ಡಾಕ್ಟರ ಹತ್ತಿರ ಹೋಗಬೇಕು. ಮೊದಲೇ ಸಕ್ಕರೆ, ಬಿ.ಪಿ. ಇದ್ದವರು, ಸಿಗರೇಟು ಸೇದುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತವಾದವರು ಇರುವವರು ತಡಮಾಡಲೇಬಾರದು. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುವುದು, ಏದುಸಿರು ಇದರ ಜೊತೆಗಿದ್ದರೆ ಆ ವಾರವೇ ಹೋಗಿ. ಬೆನ್ನು ನೋವಿನೊಂದಿಗೆ ತೊಡೆಸಂದು ಜೋಮು ಹಿಡಿದು, ಮೂತ್ರ ಕಟ್ಟಿಕೊಂಡರೆ ಅಥವಾ ತಡೆಯಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಕೊಂಡಿರುವ ಸೂಚನೆ.

ಮೊದಲೇ ದೊಡ್ಡ ಊರಿನ ದೊಡ್ಡ ತಜ್ಞರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ನಿಮ್ಮೂರಿನ ಎಂ.ಬಿ.ಬಿ.ಎಸ್. ಡಾಕ್ಟರು, ತಾಲ್ಲೂಕು ಆಸ್ಪತ್ರೆಯ ಫಿಜಿಷಿಯನ್ ಸಾಕು. ಅವರು ರಕ್ತದೊತ್ತಡ ನೋಡುತ್ತಾರೆ, ರಕ್ತದಲ್ಲಿ ಸಕ್ಕರೆ ಮತ್ತು ಕೊಬ್ಬು ನೋಡಿಸುತ್ತಾರೆ, ಇ.ಸಿ.ಜಿ. ತೆಗೆಸಬಹುದು, ಬೇಕಾದರೆ ಬೆಳಗಿನ ಹೊತ್ತು ರಕ್ತ ತೆಗೆದು ಹಾರ್ಮೋನು ಪರೀಕ್ಷೆ ಮಾಡಿಸುತ್ತಾರೆ. ಬರಿಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚು, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದರೆ ಸಕ್ಕರೆ ಕಾಯಿಲೆ ಎಂದು ಲೆಕ್ಕ; ಸಾಮಾನ್ಯವಾಗಿ ಇನ್ನೊಮ್ಮೆ ನೋಡಿ ಖಚಿತಮಾಡುತ್ತಾರೆ. ಮೂತ್ರಾಂಗ ತಜ್ಞರು, ಮನೋವೈದ್ಯರು ಬೇಕಾದರೆ ಅವರೇ ಬರೆದುಕೊಡುತ್ತಾರೆ. ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ, ಬಿ.ಪಿ. ಉಚಿತವಾಗಿ ನೋಡುವ ಏರ್ಪಾಡಿದೆ. ಅದಕ್ಕೆ ಕಾರಣ ಹೇಳಬೇಕಾಗಿಯೂ ಇಲ್ಲ. 'ವಯಸ್ಸಾಯ್ತು, ನೋಡಿಸೋಣ ಅಂತ ಬಂದ್ವಿ' ಎಂದರಾಯಿತು.

ಮಾತ್ರೆಯ ಮಾತು

ವಯಾಗ್ರ ಎಂಬ ಹೆಸರು ಕೇಳದವರಿಲ್ಲ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿದ್ದ ಫೈಜರ್ ಕಂಪನಿಯ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿದ್ದು ಎದೆನೋವಿಗೆಂದು. ಎದೆನೋವಿಗೆ ಅಷ್ಟೇನೂ ನಾಟಲಿಲ್ಲ, ಆದರೆ ಪ್ರಯೋಗಕ್ಕೆ ಬಂದ ಗಂಡಸರಲ್ಲಿ ಬೇರೆಯೇ ಪರಿಣಾಮ ಕಂಡಿತು. 1998ರ ಮಾರ್ಚಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಔಷಧಿಯ ಹೆಸರು ಸಿಲ್ಡೆನಾಫಿಲ್. ಟಡಾಲಾಫಿಲ್ ಎಂಬುದು ಅದರ ತಮ್ಮ. ಇವು ಆಸೆಯನ್ನು ಹುಟ್ಟಿಸುವುದಿಲ್ಲ. ಆಸೆ ಇದ್ದಾಗ ರಕ್ತ ತುಂಬಲು ನೆರವಾಗುತ್ತವೆ, ಅಷ್ಟೆ. ಸಿಲ್ಡೆನಾಫಿಲ್ಲನ್ನು ಸುಮಾರು ಒಂದು ಗಂಟೆ ಮುಂಚೆ ನುಂಗಬೇಕು, ಹೊಟ್ಟೆ ಹಗುರವಾಗಿರಬೇಕು. ತುಪ್ಪ ಸುರಿದ ಒಬ್ಬಟ್ಟಿನ ಊಟವಾದ ಮೇಲೆ ನುಂಗಿ 'ಕೆಲಸ ಮಾಡಲಿಲ್ಲ' ಎಂದರೆ ಮಾತ್ರೆಯದು ತಪ್ಪಲ್ಲ. ತಲೆನೋವು, ಮುಖ ಕೆಂಪಾಗುವುದು, ಮೂಗು ಕಟ್ಟುವುದು ಕೆಲವರಿಗೆ ಆಗುತ್ತದೆ.

ಇಲ್ಲಿ ಒಂದು ವಿಷಯ ಗಂಟು ಹಾಕಿಟ್ಟುಕೊಳ್ಳಿ. ಎದೆನೋವು ಬಂದಾಗ ನಾಲಿಗೆಯ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆ, ಹೃದಯಕ್ಕೆ ಕೊಡುವ ನೈಟ್ರೇಟ್ ಜಾತಿಯ ಯಾವುದೇ ಔಷಧಿ ತೆಗೆದುಕೊಳ್ಳುವವರು ಈ ಮಾತ್ರೆಗಳನ್ನು ಮುಟ್ಟಲೇಬಾರದು. ಎರಡೂ ಸೇರಿದರೆ ರಕ್ತದೊತ್ತಡ ಪಾತಾಳಕ್ಕೆ ಇಳಿದು ಜೀವ ಹೋಗಬಹುದು. ಸಿಲ್ಡೆನಾಫಿಲ್ ನುಂಗಿದ 24 ಗಂಟೆಯೊಳಗೆ, ಟಡಾಲಾಫಿಲ್ ನುಂಗಿದ 48 ಗಂಟೆಯೊಳಗೆ ಎದೆನೋವು ಬಂದರೆ ಮನೆಯಲ್ಲಿರುವ ಸಾರ್ಬಿಟ್ರೇಟ್ ಇಡಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ದು, 'ಇಂಥ ಮಾತ್ರೆ ತೊಗೊಂಡಿದ್ದಾರೆ' ಎಂದು ಡಾಕ್ಟರಿಗೆ ನಾಚದೆ ಹೇಳಿ. ಹೇಳುವವರು ನೀವೇ ಆಗಿರುತ್ತೀರಿ, ಏಕೆಂದರೆ ಆ ಹೊತ್ತಿನಲ್ಲಿ ಅವರು ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಮಾತ್ರೆಯಿಂದ ನಿಮಿರಿದ್ದು ನಾಲ್ಕು ಗಂಟೆಯಾದರೂ ಇಳಿಯದಿದ್ದರೂ ಆಸ್ಪತ್ರೆಯೇ ಗತಿ. ಇವು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳು; ಮೆಡಿಕಲ್ ಷಾಪಿನ ಹುಡುಗ ಕಾಗದದಲ್ಲಿ ಸುತ್ತಿ ಕೊಟ್ಟರೆ ತರಬೇಡಿ ಎನ್ನಿ.

ಮಾತ್ರೆ ನಾಟದವರಿಗೆ ನಿರ್ವಾತದ ಪಂಪು, ಚುಚ್ಚುಮದ್ದು, ಕೊನೆಗೆ ಆಪರೇಷನ್ ಮಾಡಿ ಒಳಗೆ ಕೂರಿಸುವ ಸಾಧನ, ಹೀಗೆ ದಾರಿಗಳಿವೆ. ಆದರೆ ಎಲ್ಲಕ್ಕಿಂತ ಅಗ್ಗದ ಮದ್ದು ನಿಮ್ಮ ಅಡುಗೆಮನೆಯಲ್ಲೂ ಊರಿನ ರಸ್ತೆಯಲ್ಲೂ ಇದೆ. 2004ರಲ್ಲಿ ಇಟಲಿಯ ವೈದ್ಯರು ಬೊಜ್ಜಿನ ಗಂಡಸರಿಗೆ ಎರಡು ವರ್ಷ ಊಟ ಇಳಿಸಿ, ನಡಿಗೆ ಕಲಿಸಿ ನೋಡಿದರು. ಅವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ತೊಂದರೆ ನಿವಾರಣೆಯಾಯಿತು. ವಾರಕ್ಕೆ ನಾಲ್ಕು ದಿನ ನಲವತ್ತು ನಿಮಿಷ ಬಿರುಸಾಗಿ ನಡೆಯುವುದು, ಅನ್ನದ ರಾಶಿ ತಗ್ಗಿಸಿ ಸೊಪ್ಪು, ಕಾಳು ಹೆಚ್ಚಿಸುವುದು, ಟೀಗೆ ಸಕ್ಕರೆ ಬಿಡುವುದು, ಸಿಗರೇಟು ನಿಲ್ಲಿಸುವುದು. ನುಗ್ಗೆಕಾಯಿ ಸಾಂಬಾರು ಮಾಡಿ, ರುಚಿಗೆ ಮಾಡಿ. ಅದರಿಂದ ಗಂಡಸುತನ ಬರುತ್ತದೆಂದು ಮಾಡಬೇಡಿ.

ಹೇಗೆ ಹೇಳುವುದು?

ಹಾಸಿಗೆಯಲ್ಲಿ, ಆಗದೆ ಇದ್ದ ಆ ಗಳಿಗೆಯಲ್ಲಿ ಖಂಡಿತ ಹೇಳಬೇಡಿ. ಜಗಳದ ನಡುವೆ ಹೇಳಬೇಡಿ. ನಾದಿನಿಗೆ, ವಾರಗಿತ್ತಿಗೆ ಹೇಳಿ ಅವರ ಮೂಲಕ ಹೇಳಿಸಬೇಡಿ. ಭಾನುವಾರ ಮಧ್ಯಾಹ್ನ ಮಕ್ಕಳು ಆಡಲು ಹೋದ ಹೊತ್ತು ಒಳ್ಳೆಯದು. ದಾರಿ ಸುತ್ತಿಕೊಂಡು ಹೋದರೂ ಪರವಾಗಿಲ್ಲ:

"ರೀ, ನೀವು ಇತ್ತೀಚೆಗೆ ರಾತ್ರಿ ಎದ್ದೆದ್ದು ಹೋಗ್ತೀರ, ಕಾಲು ಉರಿ ಅಂತೀರ. ನಂಗೂ ಮಂಡಿ ನೋವು. ಇಬ್ಬರೂ ಹೋಗಿ ಒಂದ್ಸಲ ರಕ್ತ ಪರೀಕ್ಷೆ ಮಾಡಿಸ್ಕೊಂಡು ಬರೋಣ."

"ನಂಗೇನಾಗಿದೆಯೇ? ಸುಮ್ಮನೆ ದುಡ್ಡು ದಂಡ."

"ಏನೂ ಆಗಿಲ್ಲ ಅಂತ ಗೊತ್ತಾದ್ರೆ ನಂಗೆ ನೆಮ್ಮದಿ. ರಾತ್ರಿ ನೀವು ನಿದ್ದೆ ಬಾರದೆ ಹೊರಳಾಡೋದು ನಂಗೆ ಗೊತ್ತಿಲ್ವಾ? ನಾನು ಬೇಜಾರು ಮಾಡ್ಕೊಂಡಿಲ್ಲ. ಆ ತೊಂದರೆ ಸಕ್ಕರೆ ಇದ್ದರೂ ಬರುತ್ತಂತೆ, ಬಿ.ಪಿ. ಇದ್ದರೂ ಬರುತ್ತಂತೆ. ಮದ್ದೂ ಇದೆಯಂತೆ."

ಅವರು ಸುಮ್ಮನಾಗಬಹುದು, ಎದ್ದು ಹೊರಗೆ ಹೋಗಬಹುದು. ಹೋಗಲಿ. ಒಂದು ವಾರ ಬಿಟ್ಟು ತಾವೇ 'ಯಾವತ್ತು ಹೋಗೋಣ?' ಎನ್ನುವವರಿದ್ದಾರೆ. ಮಾತು ಬಾಯಲ್ಲಿ ಬರುವುದೇ ಇಲ್ಲವೆಂದರೆ ಈ ಪುಟವನ್ನು ಮಡಿಸಿ ಅವರ ಕನ್ನಡಕದ ಕೆಳಗೆ ಇಟ್ಟುಬಿಡಿ.

ಹೋಗುವ ದಿನ ಅವರು ನುಂಗುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಗಳನ್ನೆಲ್ಲ, ಲೇಹ್ಯದ ಡಬ್ಬಿ ಇದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿಕೊಳ್ಳಿ. ಡಾಕ್ಟರ ಕೋಣೆಯೊಳಗೆ ಅವರು ಒಬ್ಬರೇ ಮಾತಾಡಬೇಕೆಂದರೆ ಹೊರಗೆ ಬೆಂಚಿನ ಮೇಲೆ ಕುಳಿತಿರಿ. ಬರಿಹೊಟ್ಟೆಯ ರಕ್ತ ಪರೀಕ್ಷೆಗೆ ಹಿಂದಿನ ರಾತ್ರಿ ಊಟವಾದ ಮೇಲೆ ಎಂಟು ಗಂಟೆಯಾದರೂ ನೀರು ಬಿಟ್ಟು ಏನೂ ತೆಗೆದುಕೊಳ್ಳಬಾರದು, ಕಾಫಿಯೂ ಕೂಡದು. ತಿಂಡಿಯಾದ ಎರಡು ಗಂಟೆಗೆ ಇನ್ನೊಂದು ಸಲ ರಕ್ತ ಕೊಡಬೇಕಾಗಬಹುದು. ಡಬ್ಬಿಯಲ್ಲಿ ನಾಲ್ಕು ಇಡ್ಲಿ, ಚಟ್ನಿ ಕಟ್ಟಿಕೊಂಡು ಹೋಗಿ. ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಬೋಂಡ ತಿನ್ನುವುದು ತಪ್ಪುತ್ತದೆ.